ಎಂಟು ಗಂಟೆಯ ಮಾತ್ರೆ

"ಮಾಸ್ಕ್ ಇಳಿಸ್ಬೇಡಿ ತಾತ," ಎಂದಳು ದಿವ್ಯ, ಮೂರನೆಯ ಸಲ.

ಸಣ್ಣಮಾದಯ್ಯ ಬಾಯಿಯವರೆಗೆ ಒಯ್ದ ಕಾಫಿ ಲೋಟವನ್ನು ಮತ್ತೆ ತೊಡೆಯ ಮೇಲೆ ಇಟ್ಟುಕೊಂಡರು. ಎಪ್ಪತ್ತೆಂಟರ ಮುದುಕರು, ನಾಲ್ಕು ಮನೆ ಆಚೆಗಿನ ಗರಡಿಯ ಉಸ್ತಾದರು. ಮೈಸೂರಿನ ಅಗ್ರಹಾರದ ಹಿಂದಿನ ಆ ಓಣಿಯಲ್ಲಿ ಅವರಿಗೆ ಎದುರು ಮಾತಾಡುವ ಗಂಡಸು ಇನ್ನೂ ಹುಟ್ಟಿರಲಿಲ್ಲ. ಅಂಥವರನ್ನು ಈ ಇಪ್ಪತ್ತಾರರ ಹುಡುಗಿ ಹೊಸಿಲಲ್ಲೇ ತಡೆದು, ಅಂಗೈಗೆ ಸ್ಯಾನಿಟೈಸರ್ ಸುರಿದು, ಕಿವಿಯ ಸಂದಿಯಲ್ಲಿದ್ದ ದೇವರ ಹೂವನ್ನು ತೆಗೆಸಿ, ಮೂಗುಬಾಯಿಗೆ ಮಾಸ್ಕ್ ಹಾಕಿಸಿ, ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದ್ದಳು. ಕಾಫಿ ಕೊಟ್ಟವಳು ತಾಯಿ ಮಂಗಳಮ್ಮ, ಕುಡಿಯಲು ಬಿಡದವಳು ಮಗಳು. ಆ ಮನೆಯಲ್ಲಿ ಒಂದು ವರ್ಷದಿಂದ ಬಂದವರ ಉಪಚಾರ ನಡೆಯುತ್ತಿದ್ದುದೇ ಹೀಗೆ.

ಎದುರಿನ ಮಂಚದ ಮೇಲೆ ಕೂತಿದ್ದ ದಿವ್ಯಳ ತಂದೆ ಜವರಯ್ಯನಿಗೆ ಮಾತ್ರ ಆಗಲೇ ಹಬ್ಬ. ಸಂಜೆ ಉಸ್ತಾದರು ಬರುತ್ತಾರೆಂದು ಮಧ್ಯಾಹ್ನವೇ ಗಡ್ಡ ಕೆರೆದುಕೊಂಡು, ಒಗೆದ ಜುಬ್ಬ ತೊಟ್ಟು ಕಾದಿದ್ದ. ಬರುವ ಶನಿವಾರ ಗರಡಿಯಲ್ಲಿ ಮಟ್ಟಿ ಪೂಜೆ. ಕುಸ್ತಿಯ ಕೆಮ್ಮಣ್ಣನ್ನು ಅಗೆದು ಹದ ಮಾಡಿ, ರಾಶಿ ಕಟ್ಟಿ, ಅರಿಶಿನ ಕುಂಕುಮ ಹೂವು ಏರಿಸಿ ದಸರೆಗೆ ಮೊದಲು ಪೂಜಿಸುವ ದಿನ. ಇಪ್ಪತ್ತೆರಡು ವರ್ಷ ಆ ರಾಶಿಯ ಮುಂದೆ ಗದೆ ಹಿಡಿದು ನಿಂತವನು ಜವರಯ್ಯ. ಹೋದ ವರ್ಷ ಮಾತ್ರ ಆಸ್ಪತ್ರೆಯಲ್ಲಿದ್ದ. ಈ ವರ್ಷ ನಿಂತೇ ತೀರುತ್ತೇನೆಂದು ಆರು ತಿಂಗಳು ಮಗಳ ಜೊತೆ ಜಗಳವಾಡಿ, ಕೊನೆಗೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದಿದ್ದರು: ಐದೇ ನಿಮಿಷ, ಮಾಸ್ಕ್ ಹಾಕಿಕೊಂಡು, ಮಣ್ಣು ಮುಟ್ಟದೆ. ಮಣ್ಣಿನ ಬೂಷ್ಟು ಉಳಿದವರಿಗೆ ಏನೂ ಮಾಡದಿದ್ದರೂ ಹೃದಯ ಬದಲಾಯಿಸಿಕೊಂಡವರನ್ನು ಮಲಗಿಸಿಬಿಡುತ್ತದೆ ಎಂದು ಡಾಕ್ಟರು ಹೇಳಿದ್ದರು. ಐದು ನಿಮಿಷ ಸಾಕು ಅಂದಿದ್ದ ಜವರಯ್ಯ. ತಾನು ಬದುಕಿ ಬಂದಿದ್ದೇನೆ ಅನ್ನುವುದಕ್ಕೆ ಅವನಿಗೆ ಬೇರೆ ಗುರುತೇ ಕಾಣುತ್ತಿರಲಿಲ್ಲ.

ಬದುಕಿ ಬಂದದ್ದೇನೂ ಸಣ್ಣ ಸಂಗತಿಯಲ್ಲ. ನಗರಪಾಲಿಕೆಯಲ್ಲಿ ನೀರು ಬಿಡುವ ಕೆಲಸ ಅವನದು. ನಜರ್‌ಬಾದಿನ ಬೀದಿಬೀದಿಯ ವಾಲ್ವುಗಳನ್ನು ಮಾರುದ್ದದ ಕಬ್ಬಿಣದ ಕೀಲಿಯಿಂದ ಒಂದೇ ಕೈಯಲ್ಲಿ ತಿರುಗಿಸುತ್ತಿದ್ದವನು, ಒಂದು ಬೆಳಿಗ್ಗೆ ಎರಡೂ ಕೈ ಹಾಕಿದರೂ ಆಗದೆ ರಸ್ತೆಯಲ್ಲೇ ಕುಕ್ಕರಿಸಿದ. ಹೃದಯ ದೊಡ್ಡದಾಗಿದೆ ಎಂದರು ಡಾಕ್ಟರು. ಜವರಯ್ಯ ಅದನ್ನು ಹೊಗಳಿಕೆ ಎಂದುಕೊಂಡ. "ಪೈಲ್ವಾನ್ ಹೃದಯ ದೊಡ್ಡದೇ ಇರ್ತದೆ ಸಾ," ಎಂದು ನಕ್ಕು ಬಂದು, ಗರಡಿಯಲ್ಲೆಲ್ಲ ಹೇಳಿಕೊಂಡು, ಬಸ್ಕಿಯನ್ನು ಇನ್ನೂರರಿಂದ ಮುನ್ನೂರಕ್ಕೆ ಏರಿಸಿದ. ಆರು ತಿಂಗಳು ಹೀಗೆ ತನ್ನನ್ನು ತಾನೇ ಕೊಂದುಕೊಂಡ. ಆಮೇಲೆ ಮಲಗಿದವನು ತೊಂಬತ್ತೆರಡು ಕೆ.ಜಿ.ಯಿಂದ ಐವತ್ತೈದಕ್ಕೆ ಇಳಿದ. ಬೇರೆ ಹೃದಯ ಹಾಕದೆ ವಿಧಿಯಿಲ್ಲ, ಆಪರೇಷನ್ ಆದ ಮೇಲೆ ಜೀವಮಾನವಿಡೀ ನೋಡಿಕೊಳ್ಳುವವರು ಒಬ್ಬರು ಸಹಿ ಹಾಕಬೇಕು ಎಂದಾಗ ಸಹಿ ಹಾಕಿದವಳು ದಿವ್ಯ. ಮಕ್ಕಳೆಂದು ಇದ್ದವಳೇ ಅವಳೊಬ್ಬಳು. ಅರಸು ರಸ್ತೆಯ ಕನ್ನಡಕದ ಅಂಗಡಿಯ ಕೆಲಸ ಬಿಟ್ಟಳು. ನಂಜನಗೂಡಿನಿಂದ ಬಂದಿದ್ದ ಗಂಡಿನ ಕಡೆಯವರು ಮೂರು ತಿಂಗಳು ಕಾದು ಬೇರೆ ಮನೆಗೆ ಹೋದರು. ದಿವ್ಯ ಅದಕ್ಕೆ ಅಳಲಿಲ್ಲ, ಅಳಲು ಹೊತ್ತೂ ಇರಲಿಲ್ಲ. ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ ಮಾತ್ರೆ. ಹೊರಗಿನಿಂದ ಬಂದದ್ದನ್ನು ಮೈ ಹೊರದಬ್ಬದಂತೆ ಹಿಡಿದಿಡುವ ಮಾತ್ರೆ. ಅದರ ಸುತ್ತ ಉಳಿದೆಲ್ಲ ಕೆಲಸ.

"ಹೇಳಿ ಉಸ್ತಾದ್ರೇ," ಎಂದ ಜವರಯ್ಯ. "ಶನಿವಾರ ಎಷ್ಟೊತ್ಗೆ ಬರ್ಲಿ?"

ಸಣ್ಣಮಾದಯ್ಯ ಲೋಟದಲ್ಲಿ ಕೆನೆ ಕಟ್ಟುತ್ತಿದ್ದ ಕಾಫಿಯನ್ನೇ ನೋಡುತ್ತಾ ಹೇಳಿದರು. "ನಮ್ ಗರಡಿ ಹುಡ್ಗ ಸಿದ್ದೇಶ ಮೊನ್ನೆ ಹುಣಸೂರು ರೋಡ್ನಲ್ಲಿ ಹೋಗಿದ್ನಂತೆ ಕಣೋ ಜವರ. ಇಲವಾಲ್ದಲ್ಲಿ ಒಂದು ಫ್ಲೆಕ್ಸು ಹಾಕವ್ರಂತೆ. ವರ್ಷದ ಪುಣ್ಯತಿಥಿದು. ಹೆಣ್ಮಗ, ಪಾಪ, ಇಪ್ಪತ್ತೆರಡು ವರ್ಷ. ಗಾಡಿಯಿಂದ ಬಿದ್ದು ತಲೆಗೆ ಏಟಾಗಿ ಹೋಗ್ಬುಟ್ಟದೆ. ಕಣ್ಣು ಇಂತೋರ್ಗೆ, ಕಿಡ್ನಿ ಇಂತೋರ್ಗೆ, ಹೃದಯ ಮೈಸೂರಿನ ಒಬ್ರಿಗೆ ಅಂತ ಬರ್ಸವ್ರೆ. ತಾರೀಕ್ ನೋಡಿದ್ರೆ ನಿನ್ ಆಪ್ರೇಸನ್ ಆದ ದಿವ್ಸವೇ."

ದಿವ್ಯಳ ಕೈ ಸ್ಯಾನಿಟೈಸರ್ ಬಾಟಲಿಯ ಮೇಲೆಯೇ ನಿಂತಿತು. ಅವಳಿಗೆ ಇದು ಗೊತ್ತಿದ್ದ ವಿಷಯ. ಆಪರೇಷನ್ ಆದ ಮೂರನೆಯ ದಿನ ಆಸ್ಪತ್ರೆಯ ಮೊಗಸಾಲೆಯಲ್ಲಿ ಕೂತು ಯಾರದೋ ಪೇಪರು ಓದುವಾಗ ಒಳಪುಟದಲ್ಲಿ ಸಿಕ್ಕಿತ್ತು. ಇಲವಾಲದ ಯುವತಿ, ಬಿ.ಕಾಂ. ಕೊನೆಯ ವರ್ಷ, ಹೆಸರು ಸುಚಿತ್ರಾ. ಆಸ್ಪತ್ರೆಯವರು ಹೃದಯ ಯಾರದೆಂದು ಕೇಳಬೇಡಿ, ಹುಡುಕಬೇಡಿ ಎಂದಿದ್ದರು. ಅವಳು ಹುಡುಕಿರಲಿಲ್ಲ, ತಾನಾಗಿ ಕಣ್ಣಿಗೆ ಬಿದ್ದಿತ್ತು. ತಾಯಿಗೊಬ್ಬಳಿಗೆ ಹೇಳಿದ್ದಳು. ನಿಮ್ಮ ತಂದೆ ಹಳೆಯ ತೂಕದಲ್ಲೇ ಇದ್ದಿದ್ದರೆ ಈ ಹೃದಯ ಅವರಿಗೆ ಸಾಲುತ್ತಿರಲಿಲ್ಲ, ಸೊರಗಿದ್ದೇ ಒಳ್ಳೆಯದಾಯಿತು ಎಂದು ಡಾಕ್ಟರು ಅಂದ ಮಾತಿನ ಅರ್ಥ ಆಗ ಆಗಿತ್ತು.

ಜವರಯ್ಯನಿಗೆ ಇನ್ನೂ ತಲೆಗೆ ಹೋಗಿರಲಿಲ್ಲ. "ಅಯ್ಯೋ ಪಾಪ," ಎಂದ. "ಆ ತಾಯಿಗೆ ಎಂಗಾಗಿರ್ಬೇಡ. ಆದ್ರೆ ಶನಿವಾರಕ್ಕೂ ಇದಕ್ಕೂ..."

"ಗರಡಿ ಒಳೀಕೆ ಹೆಣ್ಣು ಬರಂಗಿಲ್ಲ ಕಣಪ್ಪ," ಎಂದರು ಸಣ್ಣಮಾದಯ್ಯ. ಮೆಲ್ಲಗೆ, ಮುದ್ದು ಮಾಡುವ ದನಿಯಲ್ಲಿ. "ನಿಂಗೆ ನಾನು ಹೇಳ್ಕೊಡ್ಬೇಕಾ? ಈ ಕೂಸು ಏಳು ವರ್ಷದವ್ಳಿದ್ದಾಗ ಚೆಂಡು ತಗೊಳಕ್ಕೆ ಅಂತ ಎರಡು ಹೆಜ್ಜೆ ಇಟ್ಳು. ಮಣ್ಣು ಅಗ್ಸಿ ಬಿಸಾಕ್ಸ್‌ದೋನು ನೀನೇ ತಾನೆ? ನಾನು ಬುಡ್ಲಾ ಮಗ ಅಂದೆ. ನೀನು ಕೇಳ್ದಾ?"

ಕೇಳಿರಲಿಲ್ಲ. ಒಂದು ಗೇಣು ಮಣ್ಣು ತೆಗೆಸಿದ್ದ. ಅಷ್ಟಕ್ಕೂ ಸಮಾಧಾನವಾಗದೆ, ಓಣಿಯವರೆಲ್ಲ ನೋಡುತ್ತಿರುವಂತೆ ಮಗಳನ್ನು ಒದ್ದೆ ಟವಲಿನಿಂದ ಹೊಡೆದಿದ್ದ. ಪೈಲ್ವಾನನ ನಿಯಮ ಎಂದರೆ ನಿಯಮ ಎಂದು ಆವತ್ತು ಜನ ಮೆಚ್ಚಿಕೊಂಡಿದ್ದರು. ದಿವ್ಯ ಆಮೇಲೆ ಹತ್ತೊಂಬತ್ತು ವರ್ಷ ಆ ಗರಡಿಯನ್ನು ನೋಡಿದ್ದು ಬೀದಿಯಿಂದ, ಬಾಗಿಲ ಸಂದಿಯಿಂದ ಮಾತ್ರ.

"ನಾನು ಗಂಡಸಲ್ವಾ ಉಸ್ತಾದ್ರೇ?"

"ಗಂಡ್ಸೇ ಕಣೋ. ನೀನು ಬರ್ಬೇಡ ಅಂದ್ನಾ ನಾನು? ನಿನ್ ಜೊತೆ ಬರೋದು ಬೇಡ ಅಂತೀನಿ." ಮುದುಕರು ಕುರ್ಚಿಯ ಕೈ ಹಿಡಿದು ಎದ್ದರು. "ಹುಡುಗ್ರು ಒಪ್ತಾ ಇಲ್ಲ. ಈ ಸಲ ಗದೆ ಸಿದ್ದೇಶ ಹಿಡ್ಕೋತಾನೆ. ನೀನು ಮನೇಲೇ ಇರು, ಪ್ರಸಾದ ಕಳಿಸ್ತೀನಿ. ಓ, ಪ್ರಸಾದನೂ ನೀನು ತಿನ್ನಂಗಿಲ್ಲ ಅಲ್ವಾ? ಬರ್ತೀನಿ ಮಂಗ್ಳಮ್ಮ."

ಜವರಯ್ಯ ಕದಲದೆ ಕೂತಿದ್ದ. ಹಿಂದೆಲ್ಲ ಸಿಟ್ಟು ಬಂದರೆ ಅವನ ಕೊರಳಿನ ನರ ಹಗ್ಗದಂತೆ ಎದ್ದು ನಿಲ್ಲುತ್ತಿತ್ತು. ಈಗ ಏನೂ ಆಗಲಿಲ್ಲ. ದಿವ್ಯ ಬೆರಳಿಗೆ ಕ್ಲಿಪ್ಪು ಸಿಕ್ಕಿಸಿ ನಾಡಿ ನೋಡಿದಳು, ತೊಂಬತ್ತಾರು, ದಿನದಷ್ಟೇ. ಹೃದಯ ಹಾಕುವಾಗ ನರಗಳನ್ನು ಜೋಡಿಸಲು ಬರುವುದಿಲ್ಲ, ತಲೆಗೆ ಗೊತ್ತಾದದ್ದು ಅದಕ್ಕೆ ರಕ್ತದ ಮೂಲಕ ತಡವಾಗಿ ಗೊತ್ತಾಗುತ್ತದೆ ಎಂದಿದ್ದರು ಡಾಕ್ಟರು. ಉಸ್ತಾದರ ಚಪ್ಪಲಿ ಸದ್ದು ಓಣಿಯ ತಿರುವು ದಾಟಿತು. ಮಂಗಳಮ್ಮ ಕಾಫಿಯನ್ನು ಬಚ್ಚಲಿಗೆ ಸುರಿದು ಲೋಟ ತೊಳೆದಿಟ್ಟಳು. ಆಮೇಲೆ ಶುರುವಾಯಿತು. ನೂರಹತ್ತು, ನೂರಿಪ್ಪತ್ತು, ನೂರಮೂವತ್ತು. ಜವರಯ್ಯ ಎದೆ ಹಿಡಿದುಕೊಂಡ. ಬೈಸಿಕೊಳ್ಳಬೇಕಾದವರು ಎದ್ದು ಹೋದ ಮೇಲೆ ಅರ್ಧ ಗಂಟೆ ಅದು ಹಾಗೇ ಹೊಡೆದುಕೊಂಡಿತು.

ಅದು ಇಳಿದ ಮೇಲೆ ಕೇಳಿದ. "ನಿಂಗ್ ಗೊತ್ತಿತ್ತೇನೇ?"

"ಹೂಂ."

"ನಿಮ್ಮವ್ವಂಗೆ?"

ಮಂಗಳಮ್ಮ ಅಡುಗೆಮನೆಯಿಂದ ಹೊರಗೆ ಬರಲಿಲ್ಲ.

ಜವರಯ್ಯ ಮಗಳನ್ನು ಮೇಲಿನಿಂದ ಕೆಳಗೆ ನೋಡಿದ. "ಮನೇಲಿ ಒಂದು ಹೆಣ್ಣು ಹುಟ್ಟಿ ನಮ್ ವಂಶ ನಿಂತೋಯ್ತು. ಅದು ಸಾಲ್ದು ಅಂತ ಎದೆ ಕುಯ್ದು ಇನ್ನೊಂದನ್ನ ಒಳೀಕೆ ತುರುಕಿಸ್ದಾ?"

ದಿವ್ಯ ಗಡಿಯಾರ ನೋಡಿದಳು, ಎಂಟಾಗುತ್ತಿತ್ತು. ತಟ್ಟೆಯಲ್ಲಿ ಮಾತ್ರೆ, ಕಾಯಿಸಿ ಆರಿಸಿದ ನೀರು ತಂದಳು. ಜವರಯ್ಯ ತಟ್ಟೆಯನ್ನು ಬೆರಳ ತುದಿಯಿಂದ ಆಚೆ ತಳ್ಳಿದ. "ಬೇಡ. ಹೊರಗಿಂದು ಹೊರೀಕೆ ಹೋಗ್ಲಿ," ಎಂದು ಗೋಡೆಯ ಕಡೆ ತಿರುಗಿ ಮಲಗಿದ.

ಮರುದಿನ, ಗುರುವಾರ, ಬೆಳಿಗ್ಗೆಯೂ ಬೇಡ, ಸಂಜೆಯೂ ಬೇಡ. ಊಟ ಮಾತ್ರ ಮಾಡಿದ. ಬಿಸಿ ಮುದ್ದೆ, ಉಪ್ಪಿಲ್ಲದ ಸಾರು, ಎಲ್ಲ ಸರಿಯಾಗಿ ಉಂಡ. ಮಾತ್ರೆ ತಂದ ಕೂಡಲೇ ಬಾಯಿ ಬಿಗಿದುಕೊಳ್ಳುತ್ತಿದ್ದ. ದಿವ್ಯ ಆಸ್ಪತ್ರೆಗೆ ಫೋನು ಮಾಡಿದಳು. ಅಲ್ಲಿಯ ಸಿಸ್ಟರು ಗಾಬರಿಯಿಂದ, "ಮೂರು ಡೋಸಾ? ಈಗ್ಲೇ ಕರ್ಕೊಂಡ್ ಬನ್ನಿ. ಅದು ಕೂಡ್ಲೇ ತೋರಿಸ್ಕೊಳಲ್ಲ, ತೋರಿಸ್ಕೊಂಡಾಗ ನಮ್ ಕೈಲಿ ಏನೂ ಇರಲ್ಲ," ಎಂದರು. ಕರೆದುಕೊಂಡು ಹೋಗುವುದು ಹೇಗೆ? ಆಟೋ ಬಾಗಿಲಿಗೆ ಬಂದು ನಿಂತು, ಜವರಯ್ಯ ಮಂಚದ ಕಾಲು ಹಿಡಿದುಕೊಂಡು ಕೂತು, ಓಣಿಯವರು ಕಿಟಕಿಯಲ್ಲಿ ಇಣುಕಿ, ಆಟೋ ಹಾಗೇ ವಾಪಸು ಹೋಯಿತು.

ಮಂಗಳಮ್ಮ ಮೊದಲು ಅತ್ತಳು. ಆಮೇಲೆ ಗಂಡನ ಕಾಲು ಹಿಡಿದಳು. "ಆ ಕೂಸು ನಿಮ್ಗೆ ಜೀವ ಕೊಟ್ಟದೆ ಕಣ್ರೀ. ಗಂಡೋ ಹೆಣ್ಣೋ, ಅದಕ್ಕೇನ್ ಗೊತ್ತು?" ಎಂದಳು. ಅವನು ಕಾಲು ಎಳೆದುಕೊಂಡ. ಶುಕ್ರವಾರ ಬೆಳಿಗ್ಗೆ ನಾಲ್ಕನೆಯ ಹೊತ್ತಿನ ಮಾತ್ರೆಯೂ ತಪ್ಪಿದಾಗ, ಮಗಳನ್ನು ಬಚ್ಚಲ ಬಳಿಗೆ ಕರೆದು ಪಿಸುಗುಟ್ಟಿದಳು. "ದಿವ್ಯ, ಆಸ್ಪತ್ರೆಯೋರ್ನ ಒಂದ್ ಮಾತು ಕೇಳವ್ವ. ಇದನ್ನ ತೆಗ್ದು, ಗಂಡಸಿಂದು ಬಂದಾಗ ಹಾಕ್ಕೊಡಕಾಗಲ್ವಾ ಅಂತ."

ದಿವ್ಯ ತಾಯಿಯ ಮುಖವನ್ನೇ ನೋಡಿದಳು. ಆಕೆ ತಮಾಷೆ ಮಾಡುತ್ತಿರಲಿಲ್ಲ. ದಿವ್ಯಳಿಗೆ ನಗು ಬಂತು. ನಕ್ಕಳು ಕೂಡ, ಕಣ್ಣಲ್ಲಿ ನೀರು ಬರುವಷ್ಟು. ಒಂದು ವರ್ಷದಲ್ಲಿ ಅವಳು ಅಷ್ಟು ನಕ್ಕದ್ದು ಅದೇ ಮೊದಲು. ನಕ್ಕು ಮುಗಿದ ಮೇಲೆ ಎದೆಯಲ್ಲಿ ಉಳಿದದ್ದು ಬರೀ ದ್ವೇಷ. ಅಪ್ಪನ ಮೇಲೆ ತನಗೆ ಪ್ರೀತಿ ಇದೆ ಎಂದು ಸಹಿ ಹಾಕಿದ ದಿನ ಅಂದುಕೊಂಡಿದ್ದಳು. ಇರಲೂಬಹುದು. ಆದರೆ ಈಗ ಅವಳಿಗೆ ಅವನು ಸಾಯಬಾರದಾಗಿದ್ದದ್ದು ಪ್ರೀತಿಗಾಗಿ ಅಲ್ಲ. ತನ್ನ ಒಂದು ವರ್ಷವನ್ನೂ, ತನಗಿಂತ ನಾಲ್ಕು ವರ್ಷ ಚಿಕ್ಕವಳಾದ ಇನ್ನೊಬ್ಬಳನ್ನೂ ಒಟ್ಟಿಗೆ ನುಂಗಿ, ಗೋಡೆಯ ಕಡೆ ತಿರುಗಿ ಮಲಗಿಕೊಳ್ಳುವ ಹಕ್ಕು ಅವನಿಗಿಲ್ಲ ಎನಿಸಿತು.

ಶುಕ್ರವಾರ ಸಂಜೆಯ ಹೊತ್ತಿಗೆ ಜವರಯ್ಯನ ಉಸಿರು ಸ್ವಲ್ಪ ಗಿಡ್ಡವಾಗಿತ್ತು. ಪಾದದ ಮೇಲೆ ಒತ್ತಿದರೆ ಗುಳಿ ಬೀಳುತ್ತಿತ್ತು. ಅದು ಮಾತ್ರೆ ಬಿಟ್ಟದ್ದಕ್ಕೋ, ಎರಡು ದಿನ ಕೂತಲ್ಲೇ ಕೂತದ್ದಕ್ಕೋ ಹೇಳುವವರಿರಲಿಲ್ಲ. ಗರಡಿಯ ಕಡೆಯಿಂದ ಗುದ್ದಲಿ ಸದ್ದು, ಹುಡುಗರ ನಗು ಕೇಳಿಬರುತ್ತಿತ್ತು. ಮಜ್ಜಿಗೆ ಸುರಿದು ಮಣ್ಣು ಹದ ಮಾಡುತ್ತಿದ್ದರು. ಜವರಯ್ಯ ಕಿಟಕಿಯ ಕಡೆ ಕಿವಿಯಿಟ್ಟು, "ಮಜ್ಜಿಗೆ ಕಮ್ಮಿ ಹಾಕವ್ರೆ, ಗುದ್ಲಿ ಕಚ್ತಾ ಇಲ್ಲ," ಎಂದು ತನಗೆ ತಾನೇ ಹೇಳಿಕೊಂಡ.

ಎಂಟಕ್ಕೆ ಹತ್ತು ನಿಮಿಷವಿರುವಾಗ ದಿವ್ಯ ತಟ್ಟೆ ಹಿಡಿದು ಬಂದು ಅವನೆದುರು ನೆಲದ ಮೇಲೆ ಕೂತಳು.

"ಅಪ್ಪ, ನಿನ್ ಹೃದಯ ನಾನು ನೋಡಿದೀನಿ."

ಜವರಯ್ಯ ತಿರುಗಿದ.

"ಆಪರೇಷನ್ ದಿವ್ಸ ಸ್ಟೀಲ್ ಟ್ರೇನಲ್ಲಿ ಇಟ್ಕೊಂಡು ಹೊರೀಕೆ ತಂದು ತೋರ್ಸಿದ್ರು. ನೋಡ್ಕೊಳಮ್ಮ, ಇದೇ ನಿಮ್ ತಂದೇದು ಅಂತ. ತೊಗಲಿನ ಚೀಲ ಇದ್ದಂಗಿತ್ತು. ಜೋತಾಡ್ತಿತ್ತು. ಒಬ್ಬ ಮನುಷ್ಯನ ಮಹಡಿ ಮೆಟ್ಲು ಹತ್ತಿಸಕ್ಕೆ ಆಗ್ದೇ ಇದ್ದಿದ್ದು ಅದು. ಅದೇ ನಿನ್ ಗಂಡು ಹೃದಯ. ಡಾಕ್ಟ್ರು ಕೈಯಿಂದ ಒತ್ತಿದ್ರೆ ಒತ್ತಿದ ಕಡೇಲೇ ಗುಂಡಿ ಬಿತ್ತು, ಮೇಲಕ್ಕೆ ಬರ್ಲೇ ಇಲ್ಲ."

"ಸಾಕು."

"ಆ ಹುಡುಗೀದು ಒಂದು ಮುಷ್ಟಿ ಇತ್ತಂತೆ. ಒಂದು ಮುಷ್ಟಿ ಇರೋದು ನಿನ್ನಂತಾ ದೊಡ್ಡಾಳ್ನ ಒಂದು ವರ್ಷದಿಂದ ಹೊತ್ಕೊಂಡು ಓಡಾಡ್ತಾ ಅದೆ. ಈಗ ತಗೋ."

ಜವರಯ್ಯ ತಟ್ಟೆಗೆ ಹೊಡೆದ. ಮಾತ್ರೆಗಳು ನೆಲದ ಮೇಲೆ ಉರುಳಿದವು. ಅದೇ ಕೈ ತಿರುಗಿ ಮಗಳ ಕೆನ್ನೆಗೆ ಬಂತು. ಏಟು ಬಿತ್ತು, ಆದರೆ ಅದರಲ್ಲಿ ಹಳೆಯ ಭಾರವಿರಲಿಲ್ಲ. ಅದು ಇಬ್ಬರಿಗೂ ಒಟ್ಟಿಗೇ ತಿಳಿಯಿತು.

ದಿವ್ಯ ಮೊಣಕಾಲೂರಿ ಒಂದೊಂದಾಗಿ ಮಾತ್ರೆ ಆರಿಸಿ, ಒರೆಸಿ, ಸೆರಗಿನಂತೆ ದುಪಟ್ಟಾದ ತುದಿಯಲ್ಲಿ ಗಂಟು ಹಾಕಿಕೊಂಡಳು. ಆಮೇಲೆ ಎದ್ದು, ಅಪ್ಪನ ಕತ್ತಿನ ಹಿಂದಕ್ಕೆ ಒಂದು ಕೈ, ಮೊಣಕೈಗೆ ಒಂದು ಕೈ ಹಾಕಿ, ಎಳೆದು ಮಂಚದಿಂದ ನಿಲ್ಲಿಸಿದಳು. ನಿಂತ ಮರುಕ್ಷಣ ಅವನ ಮಂಡಿಯ ಹಿಂದಕ್ಕೆ ಕಾಲು ಕೊಟ್ಟು ತಿರುಗಿಸಿದಳು. ಹತ್ತೊಂಬತ್ತು ವರ್ಷ ಬಾಗಿಲ ಸಂದಿಯಿಂದ ನೋಡಿದ್ದ ಪಟ್ಟು. ಯಾರೂ ಹೇಳಿಕೊಟ್ಟಿರಲಿಲ್ಲ, ಕೈಕಾಲಿಗೆ ತಾನಾಗೇ ಬಂತು. ತಲೆ ನೆಲಕ್ಕೆ ಬಡಿಯದಂತೆ ಹಿಡಿದುಕೊಂಡೇ ಇಳಿಸಿದಳು. ಆದರೆ ಇಳಿಸಿದಳು. ಕುಸ್ತಿಯಲ್ಲಿ ಎರಡೂ ಭುಜ ನೆಲ ಮುಟ್ಟಿದರೆ ಆಟ ಮುಗಿಯಿತು. ಮೂವತ್ತು ವರ್ಷದಲ್ಲಿ ಜವರಯ್ಯನ ಬೆನ್ನಿಗೆ ಮಣ್ಣು ಹತ್ತಿಸಿದವರು ಇಬ್ಬರೇ ಇಬ್ಬರು, ಇಬ್ಬರೂ ಕೊಲ್ಲಾಪುರದವರು. ಈಗ ಅವನ ಎರಡೂ ಭುಜ ಗಾರೆ ನೆಲಕ್ಕೆ ಅಂಟಿ ಕೂತಿದ್ದವು.

ಒಂದು ತೋಳಿನ ಮೇಲೆ ಮಂಡಿ, ಇನ್ನೊಂದರ ಮೇಲೆ ಇನ್ನೊಂದು ಮಂಡಿ. ಎದೆಯ ಮೇಲೆ ಮಾತ್ರ ಭಾರ ಹಾಕಲಿಲ್ಲ. ಅಲ್ಲಿ ಮೂಳೆಯನ್ನು ತಂತಿಯಿಂದ ಹೊಲಿದಿದ್ದರು.

"ಅಮ್ಮ, ನೀರು."

ಮಂಗಳಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಗಂಡನನ್ನು ಆಕೆ ಈ ಎತ್ತರದಿಂದ ಎಂದೂ ನೋಡಿರಲಿಲ್ಲ. ಅವನು ತಲೆಯನ್ನು ಅತ್ತಿತ್ತ ಹೊರಳಿಸುತ್ತಾ, ಹಲ್ಲು ಕಚ್ಚಿಕೊಂಡೇ, "ಬಾ ಮಂಗ್ಳ, ಎತ್ತು ಇವ್ಳನ್ನ," ಎಂದ. ಆಕೆ ಬಂದಳು. ತಂಬಿಗೆಯಲ್ಲಿ ನೀರು ತಂದಿದ್ದಳು.

ದಿವ್ಯ ಎಡಗೈಯಲ್ಲಿ ಅವನ ಮೂಗು ಹಿಡಿದಳು. ಉಸಿರಿಗೆ ಬಾಯಿ ಬಿಡಲೇಬೇಕಾಯಿತು. ಬಿಟ್ಟಾಗ, ಹಳ್ಳಿಯಲ್ಲಿ ದನಕ್ಕೆ ಬಿದಿರಿನ ಗೊಟ್ಟದಲ್ಲಿ ಔಷಧಿ ಹುಯ್ಯುವ ಹಾಗೆ, ನಾಲಿಗೆಯ ಬುಡಕ್ಕೆ ಮಾತ್ರೆ ತಳ್ಳಿದಳು. "ಹುಯ್ಯಮ್ಮ." ಮಂಗಳಮ್ಮ ಹುಯ್ದಳು. ಒಂದು ಆಯಿತು, ಎರಡು ಆಯಿತು, ಮೂರು ಆಯಿತು. ನೀರು ಕಿವಿಯ ಪಕ್ಕದಿಂದ ಹರಿದು ಅವನ ಕೂದಲಲ್ಲಿ ಇಳಿಯಿತು. ಕೆಮ್ಮಿದ. ಮಂಗಳಮ್ಮ ಸೆರಗಿನಿಂದ ಅವನ ಕೊರಳು ಒರೆಸಿ, ಮತ್ತೆ ತಂಬಿಗೆ ಬಗ್ಗಿಸಿದಳು.

"ಬಾಯಿ ತೆಗಿ. ನಾಲ್ಗೆ ಎತ್ತು," ಎಂದಳು ದಿವ್ಯ.

ಎತ್ತಲಿಲ್ಲ. ಅವಳು ಮತ್ತೆ ಮೂಗಿಗೆ ಕೈ ಹಾಕಿದಳು. ಎತ್ತಿದ. ಅಡಿಯಲ್ಲಿ ಏನೂ ಇರಲಿಲ್ಲ.

ಕಕ್ಕಿಕೊಳ್ಳಬಾರದೆಂದು ಅವಳು ಹಾಗೇ ಕಾಲು ಗಂಟೆ ಕೂತಳು. ಅವನ ಎದೆ ಆಮೇಲೆ, ತನ್ನ ಪಾಡಿಗೆ ತಾನು, ಹೊಡೆದುಕೊಳ್ಳತೊಡಗಿತು. ದಿವ್ಯ ಗಡಿಯಾರ ನೋಡುತ್ತಾ ಎಣಿಸಿದಳು. ಅವನ ಕಣ್ಣಿನ ಮೂಲೆಯಿಂದ ನೀರು ಬರುತ್ತಿತ್ತು. ತಂಬಿಗೆಯ ನೀರೇ ಇರಬಹುದು ಎಂದುಕೊಂಡಳು. ಇಲ್ಲದಿದ್ದರೂ ಅವಳಿಗೆ ಕನಿಕರ ಹುಟ್ಟಲಿಲ್ಲ. ಹುಟ್ಟಲಿಲ್ಲವಲ್ಲ ಎಂದು ಒಳಗೆ ಎಲ್ಲೋ ಹೆದರಿಕೆಯಾಯಿತು, ಅಷ್ಟೆ.

"ಸಾಕು ಕಣೇ," ಎಂದ ಜವರಯ್ಯ, ಬಹಳ ಹೊತ್ತಿನ ಮೇಲೆ. "ಯಾರಾರ ನೋಡ್ತಾರೆ. ಬಾಗ್ಲು ಹಾಕು."

ಮಂಗಳಮ್ಮ ಹೋಗಿ ಬಾಗಿಲು ಹಾಕಿದಳು.

ಶನಿವಾರ ಬೆಳಿಗ್ಗೆ ಆರಕ್ಕೇ ಗರಡಿಯಲ್ಲಿ ನಗಾರಿ ಶುರುವಾಯಿತು. ಏಳೂವರೆಗೆ ಹೂವಿನ ಬುಟ್ಟಿಗಳು ಹೋದವು. ಸಿದ್ದೇಶ ಕೆಂಪು ಲಂಗೋಟಿಯ ಮೇಲೆ ಹೊಸ ಪಂಚೆ ಸುತ್ತಿಕೊಂಡು, ಗದೆಯನ್ನು ಹೆಗಲಿಗೇರಿಸಿ ಕಿಟಕಿಯ ಮುಂದೆಯೇ ಹಾದುಹೋದ. ಒಳಕ್ಕೆ ನೋಡಲಿಲ್ಲ. ಹೆಂಗಸರೆಲ್ಲ ತಲೆಗೆ ಹೂ ಮುಡಿದು ಗರಡಿಯೆದುರಿನ ಬೀದಿಯಲ್ಲಿ ನಿಲ್ಲಲು ಹೊರಟರು. ಮಂಗಳಮ್ಮನನ್ನು ಯಾರೂ ಕರೆಯಲಿಲ್ಲ, ಆಕೆ ಹೋಗಲೂ ಇಲ್ಲ.

ಜವರಯ್ಯ ಸ್ನಾನ ಮಾಡಿ ಮಂಚದ ಮೇಲೆ ಕೂತಿದ್ದ. ಎಂಟು ಗಂಟೆಗೆ ದಿವ್ಯ ತಟ್ಟೆಯಲ್ಲಿ ಮಾತ್ರೆ, ಲೋಟದಲ್ಲಿ ನೀರು ಹಿಡಿದು ಬಂದಳು. ಏನು ಹೇಳಬೇಕೆಂದು ಬೆಳಗಿನಿಂದಲೂ ಯೋಚಿಸಿದ್ದಳು. ಕೆನ್ನೆ ಇನ್ನೂ ಉರಿಯುತ್ತಿತ್ತು, ರಟ್ಟೆ ನೋಯುತ್ತಿತ್ತು. ಇವತ್ತೊಂದು ದಿನ ಕೈಯಲ್ಲೇ ಕೊಟ್ಟು ನೋಡೋಣ, ಕುಡಿದರೂ ಕುಡಿಯಬಹುದು ಎಂದು ಲೋಟವನ್ನು ಮುಂದಕ್ಕೆ ಚಾಚಿದಳು.

ಜವರಯ್ಯ ಲೋಟದ ಕಡೆ ಕೈ ನೀಡಲಿಲ್ಲ. ಮಂಚದ ಅಂಚು ಹಿಡಿದು ಕೆಳಗಿಳಿದ. ಮೂಲೆಯಲ್ಲಿದ್ದ ಚಾಪೆಯನ್ನು ಕಾಲಿನಿಂದ ಬಿಡಿಸಿ ಹಾಸಿಕೊಂಡ. ಕೂತ. ಆಮೇಲೆ ಮೊದಲು ಎಡ ಭುಜ, ಅದಾದ ಮೇಲೆ ಬಲ ಭುಜ ನೆಲಕ್ಕೆ ತಾಗಿಸಿ, ಅಂಗಾತ ಮಲಗಿ, ಬಾಯಿ ತೆರೆದ.